ಗಸಗಸೆ ಗಿಡದ ಕೀಲಿ, ಮಿದುಳಿನ ಬೀಗ

ಗಸಗಸೆ ಕಾಯಿಯನ್ನು ಗೀರಿದರೆ ಹಾಲಿನಂಥ ರಸ ಬರುತ್ತದೆ. ಅದು ಒಣಗಿದರೆ ಅಫೀಮು. ಮನುಷ್ಯರು ಇದನ್ನು ನೋವಿಗೆ, ನಿದ್ದೆಗೆ, ನಶೆಗೆ ಸಾವಿರಾರು ವರ್ಷಗಳಿಂದ ಬಳಸುತ್ತಿದ್ದಾರೆ. ಆದರೆ ಎಲ್ಲೋ ಹೊಲದಲ್ಲಿ ಬೆಳೆಯೋ ಗಿಡದ ರಸಕ್ಕೆ ನಮ್ಮ ತಲೆಯೊಳಗೆ ಏನು ಕೆಲಸ? ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದ್ದು 1970ರ ದಶಕದಲ್ಲಿ. ಅಷ್ಟು ತಡವಾಗಲು ಕಾರಣ ಇತ್ತು. ಮಿದುಳಿನ ಕೋಶಗಳು ಒಂದಕ್ಕೊಂದು ಹೇಗೆ ಮಾತಾಡುತ್ತವೆ ಅನ್ನೋದೇ ಬಹಳ ಕಾಲ ಯಾರಿಗೂ ಗೊತ್ತಿರಲಿಲ್ಲ.

ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿದ್ದ ವಿಜ್ಞಾನಿ ಆಟೋ ಲೋವಿಗೆ ಒಂದು ರಾತ್ರಿ ಕನಸಿನಲ್ಲಿ ಪ್ರಯೋಗವೊಂದು ಹೊಳೆಯಿತಂತೆ. ಎದ್ದು ಚೀಟಿಯಲ್ಲಿ ಗೀಚಿಟ್ಟು ಮಲಗಿದರು. ಬೆಳಿಗ್ಗೆ ನೋಡಿದರೆ ತಮ್ಮ ಅಕ್ಷರ ತಮಗೇ ಓದಲು ಆಗಲಿಲ್ಲ. ಮಾರನೇ ರಾತ್ರಿ ಅದೇ ಕನಸು ಬಂದಾಗ ಸೀದಾ ಪ್ರಯೋಗಾಲಯಕ್ಕೆ ಹೋದರು ಅಂತ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಪ್ರಯೋಗ ತುಂಬಾ ಸರಳ. ಕಪ್ಪೆಯ ಒಂದು ಹೃದಯದ ನರವನ್ನು ಪ್ರಚೋದಿಸಿದರೆ ಅದರ ಬಡಿತ ನಿಧಾನವಾಗುತ್ತದೆ. ಆ ಹೃದಯದಲ್ಲಿದ್ದ ದ್ರವವನ್ನು ತೆಗೆದು ಇನ್ನೊಂದು ಹೃದಯಕ್ಕೆ ಹಾಕಿದರೆ, ಯಾವ ನರವನ್ನೂ ಮುಟ್ಟದೆ, ಅದೂ ನಿಧಾನವಾಯಿತು! ಅಂದರೆ ನರ ಏನೋ ಒಂದು ರಾಸಾಯನಿಕವನ್ನು ಬಿಟ್ಟಿದೆ. 1921ರಲ್ಲಿ ಪ್ರಕಟವಾದ ಈ ಕೆಲಸಕ್ಕೆ 1936ರಲ್ಲಿ ನೊಬೆಲ್ ಬಂತು. ಆ ರಾಸಾಯನಿಕವೇ ಅಸಿಟೈಲ್‌ಕೋಲಿನ್.

ಆದರೂ ಮಿದುಳಿನೊಳಗೆ ನಡೆಯೋದೆಲ್ಲ ಬರೀ ವಿದ್ಯುತ್ ಅಂತ 1950ರ ಸುಮಾರಿನವರೆಗೂ ವಾದಿಸಿದ ದೊಡ್ಡ ವಿಜ್ಞಾನಿಗಳಿದ್ದರು. ಈಗ ನಮಗೆ ಗೊತ್ತು, ವಿದ್ಯುತ್ ಓಡೋದು ಕೋಶದ ಉದ್ದಕ್ಕೆ. ಹೆಚ್ಚಿನ ಕಡೆ ಒಂದು ಕೋಶಕ್ಕೂ ಮುಂದಿನದಕ್ಕೂ ನಡುವೆ ಸಣ್ಣ ಸಂದು ಇರುತ್ತದೆ. ಒಂದು ಮಿಲಿಮೀಟರನ್ನು 50,000 ಪಾಲು ಮಾಡಿದರೆ ಒಂದು ಪಾಲಿನಷ್ಟು. ಆ ಸಂದನ್ನು ದಾಟಿಸೋದು ರಾಸಾಯನಿಕ. ಈ ಕಡೆಯ ಕೋಶ ಅದನ್ನು ಬಿಡುತ್ತದೆ, ಆ ಕಡೆಯ ಕೋಶದ ಮೇಲೆ ಅದಕ್ಕೆಂದೇ ಇರುವ ರಿಸೆಪ್ಟರ್ ಹಿಡಿಯುತ್ತದೆ, ಬೀಗಕ್ಕೆ ಕೀಲಿ ಕೂತ ಹಾಗೆ.

1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರೆಸರ್ಪಿನ್ ಕೊಟ್ಟರು. ಇದು ನಮ್ಮ ಸರ್ಪಗಂಧದ ಬೇರಿನಿಂದ ಬಂದ ಔಷಧ. ಮೊಲಗಳು ಅಲ್ಲಾಡದೆ ಬಿದ್ದುಕೊಂಡವು. ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಎಲ್-ಡೋಪಾ ಕೊಟ್ಟ ಸ್ವಲ್ಪ ಹೊತ್ತಿಗೆ ಎದ್ದು ಓಡಾಡಿದವು. ಅದುವರೆಗೆ ಡೋಪಮೈನ್ ಅಂದರೆ ಇನ್ನೊಂದು ರಾಸಾಯನಿಕ ತಯಾರಾಗುವ ದಾರಿಯ ಒಂದು ಮೆಟ್ಟಿಲು ಅಷ್ಟೇ ಅಂದುಕೊಂಡಿದ್ದರು. ಅದೇ ಒಂದು ಸಂದೇಶ ಅಂತ ಗೊತ್ತಾದದ್ದು ಇಲ್ಲಿಂದ.

ಆಮೇಲೆ 1973. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ಮಿದುಳಿನಲ್ಲಿ ಅಫೀಮಿನ ಜಾತಿಯ ವಸ್ತುಗಳನ್ನು ಹಿಡಿಯುವ ರಿಸೆಪ್ಟರ್ ಇದೆ ಅಂತ ತೋರಿಸಿದರು. ಅದೇ ವರ್ಷ ಇನ್ನೆರಡು ತಂಡಗಳೂ ಅದನ್ನೇ ಕಂಡವು. ಗಸಗಸೆ ಗಿಡಕ್ಕೋಸ್ಕರ ಮಿದುಳು ಬೀಗ ಮಾಡಿಟ್ಟುಕೊಂಡಿರಲ್ಲ ಅಲ್ವಾ? ಹಾಗಾದರೆ ದೇಹದ್ದೇ ಒಂದು ಕೀಲಿ ಇರಲೇಬೇಕು. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕಾಸ್ಟರ್ಲಿಟ್ಸ್ ಹಂದಿಯ ಮಿದುಳಿನಿಂದ ಅದನ್ನು ತೆಗೆದರು. ಹೆಸರು ಎನ್ಕೆಫಲಿನ್. ಅಫೀಮಿನಲ್ಲಿರುವ ಮಾರ್ಫಿನ್‌ಗೆ ಸುಮ್ನೆ ಇದರ ಜಾಗದಲ್ಲಿ ಕೂರಲು ಬರುತ್ತದೆ, ಅಷ್ಟೇ. ಗಾಂಜಾದ್ದೂ ಇದೇ ಕಥೆ. ಅದು ಕೂರುವ ರಿಸೆಪ್ಟರಿಗೆ ದೇಹವೇ ಮಾಡುವ ಕೀಲಿ 1992ರಲ್ಲಿ ಸಿಕ್ಕಿತು. ಕಂಡುಹಿಡಿದವರು ಅದಕ್ಕೆ ಸಂಸ್ಕೃತದ ‘ಆನಂದ’ದಿಂದ ಆನಂದಮೈಡ್ ಅಂತ ಹೆಸರಿಟ್ಟರು.

ನನಗೆ ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಇದು: ಡ್ರಗ್ಸ್ ಮಿದುಳಿಗೆ ಹೊಸ ಭಾಷೆ ಕಲಿಸೋದಿಲ್ಲ, ಇರುವ ಭಾಷೆಯಲ್ಲೇ ಕಿರುಚುತ್ತವೆ. ಕೊಕೇನ್, ಕೋಶ ತಾನು ಬಿಟ್ಟ ಡೋಪಮೈನನ್ನು ವಾಪಸ್ ಎಳೆದುಕೊಳ್ಳುವ ಬಾಗಿಲನ್ನು ಮುಚ್ಚುತ್ತದೆ, ಹಾಗಾಗಿ ಅದು ಸಂದಿನಲ್ಲೇ ತುಂಬಿಕೊಳ್ಳುತ್ತದೆ. ಆಂಫೆಟಮೈನ್ ಆ ಬಾಗಿಲನ್ನೇ ಉಲ್ಟಾ ತಿರುಗಿಸುತ್ತದೆ, ಒಳಗಿನ ಡೋಪಮೈನ್ ಹೊರಗೆ ಬರುತ್ತದೆ. ನಿಕೋಟಿನ್ ಕೂರೋದು ಲೋವಿಯವರ ಅಸಿಟೈಲ್‌ಕೋಲಿನ್‌ನ ಒಂದು ಬಗೆಯ ರಿಸೆಪ್ಟರ್ ಮೇಲೆ. ಮದ್ಯ ಮಿದುಳನ್ನು ತಣ್ಣಗಿಡುವ ಗಾಬಾ ಸಂಕೇತವನ್ನು ಜಾಸ್ತಿ ಮಾಡಿ, ಚುರುಕಾಗಿಡುವ ಗ್ಲುಟಮೇಟನ್ನು ತಗ್ಗಿಸುತ್ತದೆ.

ದಿನಾ ಯಾರಾದರೂ ಕಿವಿಯ ಹತ್ತಿರ ಕಿರುಚಿದರೆ ನಾವು ಕಿವಿ ಮುಚ್ಚಿಕೊಳ್ಳುತ್ತೇವೆ. ಮಿದುಳು ಮಾಡೋದೂ ಅದೇ. ರಿಸೆಪ್ಟರ್‌ಗಳನ್ನು ಕಡಿಮೆ ಮಾಡುತ್ತದೆ, ಇಲ್ಲವೇ ಅವು ಮಂಕಾಗುತ್ತವೆ. ಆಗ ಮೊದಲಿನ ಪ್ರಮಾಣ ಸಾಲದು. ಬಿಟ್ಟರೆ ನೋವು, ನಡುಕ, ನಿದ್ದೆಯಿಲ್ಲದ ರಾತ್ರಿ. ಇದನ್ನು ನೋಡಿಯೂ ‘ಮನಸ್ಸು ಗಟ್ಟಿಯಿಲ್ಲ’ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬದಲಾಗಿರೋದು ಕೋಶಗಳು.

ಇದರಲ್ಲಿ ಜೀವಕ್ಕೇ ಅಪಾಯವಾಗುವ ವಿಷಯ ಒಂದಿದೆ. ಅಫೀಮಿನ ಜಾತಿಯದೇ ಆದ ಹೆರಾಯಿನ್‌ನಂಥದನ್ನು ಕೆಲವು ವಾರ ಬಿಟ್ಟವರ ಮಿದುಳು ನಿಧಾನವಾಗಿ ಹಳೆಯ ಸ್ಥಿತಿಗೆ ಬರುತ್ತಿರುತ್ತದೆ. ಒಂದು ಕೆಟ್ಟ ದಿನ ಅವರು ಮತ್ತೆ ಹಿಂದಿನ ಪ್ರಮಾಣವನ್ನೇ ತೆಗೆದುಕೊಂಡರೆ ದೇಹ ತಾಳುವುದಿಲ್ಲ. ಉಸಿರಾಟ ನಡೆಸುವ ಕೋಶಗಳ ಮೇಲೂ ಅಫೀಮಿನ ಇದೇ ರಿಸೆಪ್ಟರ್ ಇರುವುದರಿಂದ ಉಸಿರು ನಿಂತೇ ಹೋಗಬಹುದು. ಆಗ ಕೊಡುವ ಔಷಧ ನಲಾಕ್ಸೋನ್. ಅದು ಹೆರಾಯಿನ್ನನ್ನು ಬೀಗದಿಂದ ತಳ್ಳಿ ತಾನು ಕೂರುತ್ತದೆ, ಆದರೆ ಬೀಗ ತೆರೆಯುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಉಸಿರು ವಾಪಸ್ ಬರಬಹುದು. ಆದರೆ ಅದರ ಪ್ರಭಾವ ಸಾಮಾನ್ಯವಾಗಿ 30ರಿಂದ 90 ನಿಮಿಷ ಮಾತ್ರ. ಅಷ್ಟರಲ್ಲಿ ದೇಹದಲ್ಲಿ ಉಳಿದ ಡ್ರಗ್ ಮತ್ತೆ ಹೋಗಿ ಕೂರಬಹುದು. ಹಾಗಾಗಿ ಎದ್ದು ಕೂತು ‘ನಾನು ಸರಿಯಾಗಿದ್ದೀನಿ’ ಅಂದರೂ ಅವರನ್ನು ಒಬ್ಬರೇ ಬಿಡಬಾರದು, ಆಸ್ಪತ್ರೆಗೆ ಕರೆದುಕೊಂಡು ಹೋಗಲೇಬೇಕು.