ಜೊವಾವ್ ಜಿಲ್ಬರ್ಟೊ ಮನೆಯ ಜಗಳ ಕೋರ್ಟಿಗೆ ಬಂದದ್ದು ಹೇಗೆ?

2017ರ ಕೊನೆಯಲ್ಲಿ ರಿಯೊ ಡಿ ಜನೈರೊದ ಕೋರ್ಟು ಗಾಯಕ ಜೊವಾವ್ ಜಿಲ್ಬರ್ಟೊ ಅವರ ವ್ಯವಹಾರವನ್ನೆಲ್ಲ ಮಗಳು ಬೆಬೆಲ್ ಕೈಗೆ ಒಪ್ಪಿಸಿತು. ಬ್ರೆಜಿಲ್‌ನ ಬೋಸಾ ನೋವಾ ಸಂಗೀತಕ್ಕೆ ಅದರ ಗಿಟಾರ್ ನಡೆ ಕೊಟ್ಟವರು ಅವರು. ಆಗ ಅವರಿಗೆ 86 ವರ್ಷ. ಮೊದಲ ಎರಡು ಮದುವೆಗಳ ಮಕ್ಕಳು ಒಂದು ಕಡೆ, ಅವರ ಮೂರನೇ ಮಗುವಿನ ತಾಯಿ ಇನ್ನೊಂದು ಕಡೆ. ದೂರದಿಂದ ನೋಡಿದವರಿಗೆ ಇದು ಆಸ್ತಿ ಜಗಳ. ಆದರೆ ಅಲ್ಲಿ ಆಸ್ತಿಗಿಂತ ಸಾಲವೇ ಜಾಸ್ತಿ ಇತ್ತು.

ಬಯ್ಯಾ ರಾಜ್ಯದ ಜುವಾಜೇರೊ ಊರಿನ ಜೊವಾವ್ 1959ರಲ್ಲಿ ಆಸ್ಟ್ರುಡ್ ಅವರನ್ನು ಮದುವೆಯಾದರು. ಮರುವರ್ಷ ಮಗ ಜೊವಾವ್ ಮರ್ಸೆಲೊ ಹುಟ್ಟಿದ. 1963ರ ಮಾರ್ಚಿನಲ್ಲಿ ಗಂಡ ಹೆಂಡತಿ ಇಬ್ಬರೂ ನ್ಯೂಯಾರ್ಕಿನ ಸ್ಟುಡಿಯೊದಲ್ಲಿದ್ದರು. ಸ್ಯಾಕ್ಸೊಫೋನ್ ವಾದಕ ಸ್ಟಾನ್ ಗೆಟ್ಜ್ ಜೊತೆ ಆಲ್ಬಂ ತಯಾರಾಗುತ್ತಿತ್ತು. ಅದರಲ್ಲಿದ್ದ ‘ದ ಗರ್ಲ್ ಫ್ರಮ್ ಇಪನೀಮಾ’ (ಇಪನೀಮಾದ ಹುಡುಗಿ; ಇಪನೀಮಾ ರಿಯೊದ ಕಡಲತೀರದ ಬಡಾವಣೆ) ಹಾಡನ್ನು ಜೊವಾವ್ ಪೋರ್ಚುಗೀಸಿನಲ್ಲಿ ಹಾಡಿದರು. ಇಂಗ್ಲಿಷ್ ಸಾಲುಗಳು ಆಸ್ಟ್ರುಡ್ ಪಾಲಿಗೆ ಬಂದವು. ಅವರು ಹಾಡುವುದನ್ನೇ ಕೆಲಸ ಮಾಡಿಕೊಂಡವರಲ್ಲ. 1964ರಲ್ಲಿ ಆ ಹಾಡು ಸಿಂಗಲ್ ಆಗಿ, ಅಂದರೆ ಬಿಡಿ ರೆಕಾರ್ಡಾಗಿ ಬಂದಾಗ ಗಂಡನ ದನಿಯನ್ನೇ ಕತ್ತರಿಸಿದ್ದರು. ಜಗತ್ತು ಕೇಳಿದ್ದು ಹೆಂಡತಿಯ ದನಿ. ಆಲ್ಬಂ ಮುಖಪುಟದಲ್ಲಿ ಮೂವರು ಗಂಡಸರ ಹೆಸರಿತ್ತು, ಆಸ್ಟ್ರುಡ್ ಅವರದ್ದಿರಲಿಲ್ಲ. ಕೈಗೆ ಸಿಕ್ಕಿದ್ದು ಆ ದಿನದ ಸಂಭಾವನೆಯಷ್ಟೇ. ಗ್ರ್ಯಾಮಿ ಗೆದ್ದ ಹಾಡಿಗೆ ಇದು ಅನ್ಯಾಯ ಅಲ್ವಾ? ಆ ಹೊತ್ತಿಗೆ ಮದುವೆಯೂ ಮುರಿದುಬಿದ್ದಿತ್ತು.

ಹಾಡುವಾಗ ಮನೆಯವರೆಲ್ಲ ಜೊತೆಗಿದ್ದರು. ಯಾರಿಗೆ ಎಷ್ಟು ಸೇರಬೇಕು ಎಂಬುದು ಮಾತ್ರ ಗಟ್ಟಿಯಾಗಿ ಕಾಗದಕ್ಕೆ ಇಳಿಯಲಿಲ್ಲ. ಮುಂದಿನದ್ದೆಲ್ಲ ಇಲ್ಲಿಂದಲೇ ಶುರುವಾಯಿತು ಅನ್ನಿಸುತ್ತದೆ.

1965ರಲ್ಲಿ ಬ್ರೆಜಿಲ್‌ನ ಹೆಸರಾಂತ ಗಾಯಕ ಶಿಕೊ ಬುವಾರ್ಕಿ ಅವರ ಅಕ್ಕ, ಗಾಯಕಿ ಮಿಯುಶಾ ಜೊತೆ ಮದುವೆ, 1966ರಲ್ಲಿ ನ್ಯೂಯಾರ್ಕಿನಲ್ಲಿ ಬೆಬೆಲ್ ಹುಟ್ಟು, ಕೆಲವು ಕಾಲ ಮೆಕ್ಸಿಕೊ, ಮತ್ತೆ ಬೇರೆಯಾಗುವುದು, ಕೊನೆಗೆ ರಿಯೊದ ಬಾಡಿಗೆ ಮನೆಯಲ್ಲಿ ಬಾಗಿಲು ಹಾಕಿಕೊಂಡ ಬದುಕು.

ದುಡ್ಡು ಕಟ್ಟಿಹೋದದ್ದು ರೆಕಾರ್ಡುಗಳ ವಿಷಯದಲ್ಲಿ. 1959ರಿಂದ 1961ರವರೆಗೆ ಬಂದ ಅವರ ಮೊದಲ ಮೂರು ಎಲ್‌ಪಿಗಳನ್ನು ಕಂಪನಿ 1980ರ ದಶಕದ ಕೊನೆಗೆ ಒಟ್ಟು ಸೇರಿಸಿ ಮತ್ತೆ ಬಿಟ್ಟಿತು. ತಮ್ಮ ಸದ್ದನ್ನೇ ಬದಲಿಸಿದ್ದಾರೆ ಎಂದು ಜೊವಾವ್ ಕೇಸು ಹಾಕಿದರು. ಒಂದು ಗಿಟಾರ್ ತಂತಿಗಾಗಿ ಗಂಟೆಗಟ್ಟಲೆ ಕೂರುತ್ತಿದ್ದ ಮನುಷ್ಯ ಅದನ್ನು ಸುಮ್ನೆ ಬಿಡುವುದು ಹೇಗೆ? ಕೇಸು ಎಳೆಯಿತು. ಆ ಎಲ್‌ಪಿಗಳು ವರ್ಷಗಟ್ಟಲೆ ಅಂಗಡಿಗೆ ಬರಲಿಲ್ಲ. 2008ರ ನಂತರ ಸಂಗೀತ ಕಛೇರಿಗಳೂ ನಿಂತವು. 80 ತುಂಬಿದ್ದಕ್ಕೆಂದು 2011ಕ್ಕೆ ನಿಗದಿಯಾಗಿದ್ದ ಕಛೇರಿ ಪ್ರವಾಸ ರದ್ದಾಯಿತು. 2013ರಲ್ಲಿ ಮುಂಗಡ ಹಣಕ್ಕೆ ಬದಲಾಗಿ ಆ ರೆಕಾರ್ಡುಗಳ ಹಕ್ಕಿನ ದೊಡ್ಡ ಪಾಲು ಒಂದು ಬ್ಯಾಂಕಿಗೆ ಹೋಯಿತು. ಈ ಒಪ್ಪಂದವೇ ಮನೆಯವರ ನಡುವೆ ಬಿರುಕು ತಂದಿತು. ಸಹಿ ಹಾಕುವಾಗ ಅಪ್ಪನಿಗೆ ಪೂರ್ತಿ ಗೊತ್ತಿತ್ತೇ ಎಂದು ಮಕ್ಕಳು ಕೇಳಿದರು. ಇನ್ನೊಂದು ಕಡೆಯವರು, ಹಣ ಬಾರದೆ ಅವರು ಬದುಕುವುದು ಹೇಗಿತ್ತು ಎಂದರು. ಎರಡೂ ಮಾತಿನಲ್ಲಿ ನಿಜ ಇತ್ತು.

ಜೊವಾವ್ 2019ರ ಜುಲೈ 6ರಂದು ರಿಯೊದಲ್ಲಿ ತೀರಿಕೊಂಡರು. ರೆಕಾರ್ಡ್ ಕೇಸು ಆಗಲೂ ಮುಗಿದಿರಲಿಲ್ಲ. ಅದು ವಾರಸುದಾರರ ಕೈಗೆ ಬಂತು.