ಪದ ಪರಿಚಯ: ಅಂತರ್ಗ್ರಹಣ

ರಕ್ತನಾಳದ ಸ್ನಾಯುಕೋಶಗಳು ಸಂದೇಶವಾಹಕ ಪೆಪ್ಟೈಡುಗಳನ್ನು (ಅಮೈನೊ ಆಮ್ಲಗಳ ಚಿಕ್ಕ ಸರಪಳಿಗಳನ್ನು) ‘ಹೀರಿಕೊಳ್ಳುತ್ತವೆ’ ಎಂದು ನಮ್ಮಲ್ಲಿ ಬರೆಯುವ ರೂಢಿಯಿದೆ. ಬೇರು ನೀರನ್ನು ಹೀರುತ್ತದೆ, ಅರಳೆ ಎಣ್ಣೆಯನ್ನು ಹೀರುತ್ತದೆ. ಕೋಶ ಮಾಡುವ ಕೆಲಸ ಇವೆರಡರಂತೆಯೂ ಇಲ್ಲ. ಕೊಬ್ಬಿನಿಂದಾದ ಕೋಶಪೊರೆಯ ಮೂಲಕ ಪೆಪ್ಟೈಡು ತಾನಾಗಿ ನುಸುಳಲಾರದು, ಅದನ್ನು ಹಿಡಿದು ಒಳಕ್ಕೆ ಒಯ್ಯಬೇಕಾಗುತ್ತದೆ. ಹಾಗೆ ಒಯ್ಯುವ ಕ್ರಿಯೆಗೆ 1963ರಲ್ಲಿ ಬೆಲ್ಜಿಯಂನ ಕೋಶವಿಜ್ಞಾನಿ ಕ್ರಿಶ್ಚಿಯನ್ ಡಿ ಡ್ಯೂವ್ ಕೊಟ್ಟ ಹೆಸರು ಎಂಡೊಸೈಟೋಸಿಸ್. ಅದಕ್ಕೆ ಕನ್ನಡದಲ್ಲಿ ‘ಅಂತರ್ಗ್ರಹಣ’ ಎಂಬುದೇ ಒಪ್ಪುವ ಮಾತು ಎಂದು ನನ್ನ ಎಣಿಕೆ, ಏಕೆಂದರೆ ಗ್ರಹಣವೆಂದರೆ ಹಿಡಿಯುವುದು. ಪೊರೆಯ ಮೇಲೆ ನಿಂತು ಪೆಪ್ಟೈಡನ್ನು ಹಿಡಿಯುವ ಪ್ರೋಟೀನನ್ನು ‘ಗ್ರಾಹಿ’ ಎಂದರೆ ಎರಡೂ ಒಂದೇ ಧಾತುವಿನಿಂದ ಬಂದಂತಾಗುತ್ತದೆ. ‘ಗ್ರಾಹಕ’ ಎಂದರೆ ಓದುಗರಿಗೆ ಅಂಗಡಿಯ ಗಿರಾಕಿಯೇ ಮೊದಲು ನೆನಪಾಗುತ್ತಾನೆ.

ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಹೊಲದಿಂದ ಮರಳಿದವರ ಅಂಗಿಯ ಬೆನ್ನ ಮೇಲೆ ಬೆವರು ಆರಿ ಉಪ್ಪಿನ ಬಿಳಿ ಗೆರೆ ಮೂಡಿರುತ್ತದೆ. ಅಷ್ಟು ನೀರು ಮತ್ತು ಉಪ್ಪನ್ನು ಕಳೆದುಕೊಂಡ ದೇಹದಲ್ಲಿ ಮೂತ್ರಪಿಂಡವು ರೆನಿನ್ ಎಂಬ ಕಿಣ್ವವನ್ನು ರಕ್ತಕ್ಕೆ ಬಿಡುತ್ತದೆ. ಯಕೃತ್ತಿನಲ್ಲಿ ತಯಾರಾದ ಪ್ರೋಟೀನೊಂದರಿಂದ ಅದು 10 ಅಮೈನೊ ಆಮ್ಲಗಳ ತುಣುಕನ್ನು ಕತ್ತರಿಸುತ್ತದೆ. ಶ್ವಾಸಕೋಶದ ರಕ್ತನಾಳಗಳಲ್ಲಿ ಹೇರಳವಾಗಿರುವ ಇನ್ನೊಂದು ಕಿಣ್ವ ಅದರಿಂದ ಮತ್ತೆರಡನ್ನು ತೆಗೆಯುತ್ತದೆ. ಉಳಿದ 8 ಅಮೈನೊ ಆಮ್ಲಗಳ ಸರಪಳಿಯೇ ಆಂಜಿಯೊಟೆನ್ಸಿನ್ 2. ಇದು ಸ್ನಾಯುಕೋಶದ ಮೇಲಿನ ಎಟಿ1 ಎಂಬ ಗ್ರಾಹಿಗೆ ಅಂಟಿಕೊಂಡೊಡನೆ ಕೋಶದೊಳಗೆ ಕ್ಯಾಲ್ಸಿಯಂ ಏರಿ, ಸ್ನಾಯು ಬಿಗಿದು, ರಕ್ತದೊತ್ತಡ ಕುಸಿಯದೆ ನಿಲ್ಲುತ್ತದೆ.

ಅಂತರ್ಗ್ರಹಣ ಶುರುವಾಗುವುದು ಇದರ ಬೆನ್ನಿಗೇ. ಪೊರೆಯನ್ನು ಏಳು ಸಲ ಹಾದುಹೋಗುವ ಆ ಗ್ರಾಹಿಯ ಒಳತುದಿಗೆ ಕಿಣ್ವಗಳು ಫಾಸ್ಫೇಟುಗಳನ್ನು ಅಂಟಿಸುತ್ತವೆ. ಆ ಗುರುತನ್ನು ಕಂಡು ಅರೆಸ್ಟಿನ್ ಎಂಬ ಪ್ರೋಟೀನು ಬಂದು ಕೂರುತ್ತದೆ. ಮೂರು ಕಾಲುಗಳ ಕ್ಲಾಥ್ರಿನ್ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಪೊರೆಯನ್ನು ಬುಟ್ಟಿಯಂತೆ ಒಳಕ್ಕೆ ಬಾಗಿಸುತ್ತವೆ. ಕೊನೆಗೆ ಡೈನಮಿನ್ ಎಂಬ ಪ್ರೋಟೀನು ಆ ಬುಟ್ಟಿಯ ಕತ್ತನ್ನು ಹಿಸುಕಿ ಬೇರ್ಪಡಿಸುತ್ತದೆ. ಒಂದು ಮಿಲಿಮೀಟರಿನ 10,000ದಲ್ಲಿ ಒಂದು ಪಾಲಿನಷ್ಟು ಅಗಲದ ಈ ಚೀಲದೊಳಗೆ ಗ್ರಾಹಿ ಮತ್ತು ಪೆಪ್ಟೈಡು ಜೊತೆಯಾಗಿಯೇ ಪ್ರಯಾಣ ಮಾಡುತ್ತವೆ. ಮುಂದೆ ಆಮ್ಲೀಯ ಕೋಣೆಯೊಂದರಲ್ಲಿ ಪೆಪ್ಟೈಡು ಕಳಚಿಕೊಂಡು, ಕೋಶದ ಜೀರ್ಣಚೀಲವಾದ ಲೈಸೊಸೋಮ್ ಸೇರಿ ಚೂರಾಗುತ್ತದೆ. ಮಾರುಕಟ್ಟೆಯಲ್ಲಿ ಹತ್ತಿ ಸುರಿದ ಮೇಲೆ ಖಾಲಿ ಅಂಡಿಗೆ ಊರಿಗೆ ಮರಳುವಂತೆ ಅನೇಕ ಗ್ರಾಹಿಗಳು ಮತ್ತೆ ಪೊರೆಗೆ ಮರಳುತ್ತವೆ, ಕೆಲವು ಪೆಪ್ಟೈಡಿನೊಂದಿಗೇ ನಾಶವಾಗುತ್ತವೆ.

ಪ್ರಯೋಗಾಲಯದಲ್ಲಿ ಇದನ್ನು ತೋರಿಸುವ ಬಗೆ ಸರಳವಾಗಿದೆ. ಕೋಶಗಳನ್ನು 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಟ್ಟರೆ ಪೆಪ್ಟೈಡು ಹೊರಗಡೆಯೇ ಗ್ರಾಹಿಗೆ ಅಂಟಿಕೊಂಡಿರುತ್ತದೆ, ಆಮ್ಲೀಯ ದ್ರಾವಣದಲ್ಲಿ ತೊಳೆದರೆ ಬಿಟ್ಟುಹೋಗುತ್ತದೆ. 37 ಡಿಗ್ರಿಗೆ ತಂದ ಕೆಲವೇ ನಿಮಿಷಗಳಲ್ಲಿ ಹೆಚ್ಚಿನ ಪಾಲು ಒಳಸೇರಿ ತೊಳೆತಕ್ಕೆ ಸಿಗದಾಗುತ್ತದೆ.

ಇದೆಲ್ಲ ಕೋಶದ ಆಹಾರಕ್ಕಾಗಿ ಅಲ್ಲ ಎಂಬುದನ್ನು ಒತ್ತಿ ಹೇಳಬೇಕು. ಪೊರೆಯ ಮೇಲಿನ ಗ್ರಾಹಿಗಳು ಕಡಿಮೆಯಾದಷ್ಟು ಕೋಶಕ್ಕೆ ಸಂದೇಶ ಮೆಲ್ಲಗೆ ಕೇಳಿಸುತ್ತದೆ. ರಕ್ತನಾಳದ ತುಂಡಿಗೆ ಆಂಜಿಯೊಟೆನ್ಸಿನ್ 2 ಅನ್ನು ಬೆನ್ನುಬೆನ್ನಿಗೆ ಕೊಟ್ಟಾಗ ಎರಡನೆಯ ಸಲದ ಬಿಗಿತ ಕುಗ್ಗಿರಲು ಇದೂ ಒಂದು ಕಾರಣ. ಹಾಗೆಂದು ಒಳಸೇರಿದೊಡನೆ ಎಲ್ಲ ಸಂದೇಶವೂ ನಿಂತಿತೆನ್ನುವಂತಿಲ್ಲ, ಎಟಿ1ಕ್ಕೆ ಗಟ್ಟಿಯಾಗಿ ಅಂಟಿದ ಅರೆಸ್ಟಿನ್ ಒಳಗಿನಿಂದಲೇ ಬೇರೆ ಸಂದೇಶಗಳನ್ನು ಸಾಗಿಸಬಲ್ಲದು. 1988ರಲ್ಲಿ ಜಪಾನಿನಲ್ಲಿ ಪತ್ತೆಯಾದ, 21 ಅಮೈನೊ ಆಮ್ಲಗಳ ಎಂಡೊಥೆಲಿನ್ ಎಂಬ ಇನ್ನೊಂದು ಪೆಪ್ಟೈಡು ಅಂತೂ ಒಳಗೆ ಹೋದ ಮೇಲೂ ತನ್ನ ಗ್ರಾಹಿಯನ್ನು ಬಹುಹೊತ್ತು ಬಿಡುವುದಿಲ್ಲ, ಅದು ಉಂಟುಮಾಡುವ ಬಿಗಿತವೂ ಬೇಗ ಸಡಿಲುವುದಿಲ್ಲ.

ರಕ್ತದೊತ್ತಡಕ್ಕೆ ಕೊಡುವ ಲೋಸಾರ್ಟಾನ್ ಗುಳಿಗೆ ಇದೇ ಎಟಿ1 ಗ್ರಾಹಿಯಲ್ಲಿ ಕೂರುತ್ತದೆ, ಆದರೆ ಅದನ್ನು ಎಚ್ಚರಿಸುವುದಿಲ್ಲ. ಆದ್ದರಿಂದ ಕ್ಯಾಲ್ಸಿಯಂ ಏರುವುದಿಲ್ಲ, ಕ್ಲಾಥ್ರಿನ್ ಬುಟ್ಟಿಯೂ ಕಟ್ಟುವುದಿಲ್ಲ. ಗ್ರಾಹಿ ಪೊರೆಯ ಮೇಲೆಯೇ ಉಳಿಯುತ್ತದೆ, ಆಂಜಿಯೊಟೆನ್ಸಿನ್ 2 ರಕ್ತದಲ್ಲಿ ಹೆಚ್ಚಾಗಿದ್ದರೂ ಅದಕ್ಕೆ ಹಿಡಿತ ಸಿಗುವುದಿಲ್ಲ. ಈ ಗುಳಿಗೆ ನುಂಗುವವರು ಬಿಸಿಲಲ್ಲಿ ವಿಪರೀತ ಬೆವರಿದ ದಿನ ಎದ್ದು ನಿಂತೊಡನೆ ತಲೆಸುತ್ತು ಬರಬಹುದಾದದ್ದು ಆ ಹಿಡಿತ ಇಲ್ಲದ ಕಾರಣಕ್ಕೇ.