ಹೊಲಿಗೆ ಬಿತ್ತು ಅಂದ್ರೆ ಹರಿಯಿತು ಅಂತಲ್ಲ

ಬಾಣಂತಿ ನೋಡಲು ಹೋದಲ್ಲೆಲ್ಲ ಇದೇ ಮಾತು. "ಮಗು ಮೂರೂವರೆ ಕೆಜಿ ಅಂತೆ, ಅದಕ್ಕೇ ಹರಿದು ಎಂಟು ಹೊಲಿಗೆ ಬಿತ್ತಂತೆ." ಕಳೆದ ವಾರವೂ ಕೇಳಿದೆ. ದಿಂಬಿನ ಪಕ್ಕದಲ್ಲಿದ್ದ ಡಿಸ್ಚಾರ್ಜ್ ಕಾರ್ಡಿನಲ್ಲಿ ‘ಆರ್‌ಎಂಎಲ್‌ಇ’ ಎಂದು ಬರೆದಿತ್ತು. ಅಂದರೆ ಮಗು ಹೊರಬರಲೆಂದು ಡಾಕ್ಟರು ಯೋನಿದ್ವಾರದ ಅಂಚನ್ನು ಕತ್ತರಿಯಿಂದ ಬಲಕ್ಕೆ ಓರೆಯಾಗಿ ಕೊಯ್ದಿದ್ದರು. ಅದನ್ನು ಹರಿಯಿತು ಎನ್ನುವುದು ತಪ್ಪು.

ನಮ್ಮ ಭಾಷೆಯಲ್ಲೇ ಈ ವ್ಯತ್ಯಾಸ ಸ್ಪಷ್ಟವಾಗಿದೆ. ಬಟ್ಟೆ ಹರಿಯುತ್ತದೆ, ಚೀಲ ಹರಿಯುತ್ತದೆ. ಯಾರೂ ಕೈ ಹಾಕದೆ, ಎಳೆತ ಜಾಸ್ತಿಯಾದರೂ ಸಾಕು. ಕೊಯ್ಯುವುದು ಹಾಗಲ್ಲ. ಹೂ ಕೊಯ್ಯಲಿ, ಪೈರು ಕೊಯ್ಯಲಿ, ಒಂದು ಕೈ ಬೇಕು. ‘ಬಟ್ಟೆ ತಾನಾಗಿ ಕೊಯ್ಯಿತು’ ಅಂತ ಯಾರಾದರೂ ಹೇಳ್ತಾರಾ? ಹೆರಿಗೆಯಲ್ಲಿ ಡಾಕ್ಟರು ಹೀಗೆ ಕತ್ತರಿ ಹಾಕುವುದಕ್ಕೆ ಎಪಿಸಿಯೋಟಮಿ ಎನ್ನುತ್ತಾರೆ, ಅದು ಕೊಯ್ತ. ಆ ‘ಟಮಿ’ಗೆ ಗ್ರೀಕ್‌ನಲ್ಲಿ ಕೊಯ್ಯುವುದು ಎಂದೇ ಅರ್ಥ. ಎಲ್ಲರಿಗೂ ರೂಢಿಯಂತೆ ಕೊಯ್ಯುವುದು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ಕೊಯ್ದದ್ದನ್ನೂ ಹರಿಯಿತು ಎಂದುಬಿಟ್ಟರೆ, ಯಾಕೆ ಕೊಯ್ದಿರಿ ಎಂದು ಕೇಳುವವರೇ ಇರುವುದಿಲ್ಲ. ಹೋಗಿ ಹೋಗಿ ತಪ್ಪು ಮಗುವಿನ ತೂಕದ ಮೇಲೆ ಬೀಳುತ್ತದೆ.

ತೂಕಕ್ಕೆ ಸಂಬಂಧವೇ ಇಲ್ಲ ಎನ್ನುತ್ತಿಲ್ಲ. ಮಗು 4 ಕೆಜಿ ದಾಟಿದರೆ ಆಳವಾಗಿ ಹರಿಯುವ ಸಾಧ್ಯತೆ ಹೆಚ್ಚು. ಆದರೆ ಮೊದಲ ಹೆರಿಗೆ, ಮಗುವಿನ ತಲೆ ಹಿಡಿದು ಎಳೆಯುವ ಇಕ್ಕುಳದಂಥ ಫೋರ್ಸೆಪ್ಸ್ ಬಳಕೆ, ಮಗು ಮುಖ ಮೇಲೆ ಮಾಡಿ ಬರುವುದು, ಇವೂ ಅಷ್ಟೇ ಮುಖ್ಯ. ಗದ್ದ ಎದೆಗೆ ಒತ್ತಿಕೊಂಡು ಬಂದ ತಲೆಯ ಅಳತೆ ಸುಮಾರು 9.5 ಸೆಂ.ಮೀ. ಮುಖ ಮೇಲಾಗಿ, ಗದ್ದ ಎತ್ತಿಕೊಂಡು ಬಂದರೆ ಅದೇ ತಲೆ 11 ಸೆಂ.ಮೀ. ದಾಟುತ್ತದೆ. ಮಗುವಿನ ತೂಕ ಮಾತ್ರ ಅಷ್ಟೇ ಇರುತ್ತದೆ! ಇನ್ನು ಸ್ಕ್ಯಾನಿಂಗ್ ಹೇಳುವ ತೂಕ ಅಂದಾಜು. ನೂರಕ್ಕೆ ಹತ್ತರಷ್ಟು ಆಚೀಚೆ ಆಗುವುದು ಮಾಮೂಲು. ಆ ಅಂಕಿ ನೋಡಿ ಗರ್ಭಿಣಿಯನ್ನು ಹೆದರಿಸಬೇಡಿ.

‘ಎಂಟು ಹೊಲಿಗೆ’ ಎಂಬ ಲೆಕ್ಕವೂ ಅಷ್ಟೇ. ಈಗ ಹೆಚ್ಚಾಗಿ ಒಂದೇ ದಾರದಲ್ಲಿ, ಒಳಗಿನಿಂದ ಹೊರಗೆ ಪದರ ಪದರವಾಗಿ, ಮಧ್ಯೆ ಗಂಟು ಹಾಕದೆ ಹೊಲಿಯುತ್ತಾರೆ. ಎಣಿಸುವುದು ಏನನ್ನು? ನೋಡಬೇಕಾದ್ದು ಡಿಗ್ರಿ. ಚರ್ಮ ಮಾತ್ರ ಹರಿದರೆ ಒಂದನೇದು, ಸ್ನಾಯುವೂ ಹರಿದರೆ ಎರಡನೇದು. ಗುದದ್ವಾರವನ್ನು ಬಿಗಿಹಿಡಿಯುವ ಸ್ನಾಯುವಿಗೆ ತಲುಪಿದರೆ ಮೂರನೇದು, ಗುದದ್ವಾರದ ಒಳಪೊರೆಯೂ ಹರಿದರೆ ನಾಲ್ಕನೇದು.

ಮೂರು, ನಾಲ್ಕನೇ ಡಿಗ್ರಿ ಆದವರಲ್ಲಿ ಕೆಲವರಿಗೆ ಆಮೇಲೆ ಗಾಳಿ, ಮಲ ತಡೆಯಲು ಆಗುವುದಿಲ್ಲ. ‘ಹೊಲಿಗೆ ಅಲ್ವಾ, ಮಾಗುತ್ತೆ ಬಿಡು’ ಎಂಬ ಮಾತು ಕೇಳಿ ತಿಂಗಳುಗಟ್ಟಲೆ ಸುಮ್ನಿರುತ್ತಾರೆ. ಇದಕ್ಕೆ ಚಿಕಿತ್ಸೆ ಇದೆ, ಡಾಕ್ಟರಿಗೆ ಹೇಳಲೇಬೇಕು. ಮುಂದಿನ ಹೆರಿಗೆ ಹೇಗೆ ಎಂದು ನಿರ್ಧರಿಸುವಾಗಲೂ ಅವರು ಕೇಳುವುದು ಡಿಗ್ರಿಯನ್ನೇ.